ಎರಡು ದಿನದ ಮುಂಬಯಿ: ಗಾಡಿಯಲ್ಲಿ ಉಳಿಸಿ, ರೂಮಿಗೆ ಹಾಕಿ

ದಸರಾ ಮುಗಿದ ಮರುವಾರ ಮಾನ್ವಿ ಕಡೆಯ ಗಂಡ-ಹೆಂಡತಿ ರಾಯಚೂರು ಸ್ಟೇಷನ್ ರಸ್ತೆಯ ನನ್ನ ಟ್ರಾವೆಲ್ ಆಫೀಸಿಗೆ ಬಂದರು. ಭತ್ತ ಇನ್ನೂ ಗದ್ದೆಯಲ್ಲಿ ನಿಂತಿತ್ತು. ಕೊಯ್ಲು ಮುಗಿಸಿ, ಡಿಸೆಂಬರಿನಲ್ಲಿ ಎರಡು ದಿನ ಮುಂಬಯಿಗೆ ಹೋಗಿಬರುವ ಆಸೆ. ಮದುವೆಯಾಗಿ 22 ವರ್ಷ. ದೇವರ ಜಾತ್ರೆ, ಬೀಗರ ಊರು ಬಿಟ್ಟರೆ ಇಬ್ಬರೇ ಎಲ್ಲಿಗೂ ಹೋದವರಲ್ಲ. ಯಜಮಾನರು ಅಂಗಿಯ ಜೇಬಿನಿಂದ ಮಡಚಿದ ಚೀಟಿ ತೆಗೆದರು. ಮಗಳು ಮೊಬೈಲ್ ನೋಡಿ ಬರೆದುಕೊಟ್ಟದ್ದಂತೆ. ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಜುಹು, ಮೃಗಾಲಯ, ಫಿಲ್ಮ್ ಸಿಟಿ... ಹೀಗೆ 14 ಹೆಸರು. ನಾನು ಚೀಟಿ ಪಕ್ಕಕ್ಕಿಟ್ಟು ಆಕೆಯನ್ನು ಕೇಳಿದೆ: "ನಿಮಗ ಏನ್ ನೋಡಬೇಕ್ ಅನಸ್ತದ್ರಿ ಅಕ್ಕ?"

ಆಕೆ ಗಂಡನ ಮುಖ ನೋಡಿ, ಆಮೇಲೆ ಹೇಳಿದರು: "ಸಮುದ್ರದ ದಂಡಿಗಿ ಕುಂಡ್ರಬೇಕ್ರಿ ಅಕ್ಕಾರ. ಏಳ್ರಿ, ಟೈಮ್ ಆತು ಅಂತ ಯಾರೂ ಎಬ್ಬಿಸಬಾರದು."

ಇಬ್ಬರ ಪ್ರವಾಸಕ್ಕೆ ಪ್ಲಾನ್ ಹಾಕುವಾಗ ಇಬ್ಬರನ್ನೂ ಕೇಳಬೇಕು ಎಂಬುದನ್ನು ನಾನು ತಡವಾಗಿ ಕಲಿತೆ. ನಮ್ಮ ಕಡೆ ವಿಚಾರಿಸಲು ಬರುವವರು ಗಂಡಸರೇ ಹೆಚ್ಚು. ಈಗ ಹೆಂಡತಿ ಜೊತೆಗೆ ಬಂದಿರದಿದ್ದರೆ ಫೋನ್ ಹಚ್ಚಿ ಕೊಡಿ ಎನ್ನುತ್ತೇನೆ. ಆಕೆ ಹೇಳುವ ಒಂದು ಮಾತಿನಲ್ಲಿ ಅರ್ಧ ಪ್ಲಾನ್ ಮುಗಿದಿರುತ್ತದೆ.

ರಾಯಚೂರಿನವರಿಗೆ ಸಮುದ್ರ ದೂರ ಎನ್ನುವ ಭಾವನೆ ಇದೆ. ಹಳಿಯ ಲೆಕ್ಕದಲ್ಲಿ ನೋಡಿದರೆ ನಮ್ಮಷ್ಟು ಅನುಕೂಲ ಕರ್ನಾಟಕದ ಒಳನಾಡಿನಲ್ಲಿ ಬೇರೆ ಊರಿಗೆ ಕಡಿಮೆ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ, ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಇವತ್ತಿಗೂ ಇದೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಂದು ದಿಕ್ಕಿಗೆ ಹತ್ತಿದರೆ ಅರಬ್ಬಿ ಸಮುದ್ರ, ಇನ್ನೊಂದು ದಿಕ್ಕಿಗೆ ಹತ್ತಿದರೆ ಬಂಗಾಳ ಕೊಲ್ಲಿ. ಯಾವ ಕಡೆ ಎಂಬುದನ್ನು ತಿಂಗಳು ನೋಡಿ ಆರಿಸಿ. ಚೆನ್ನೈಗೆ ಈಶಾನ್ಯ ಮಾರುತದ ಮಳೆ ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಸರಿಯಾಗಿ ನಮ್ಮ ಸುಗ್ಗಿ ಬಿಡುವಿನ ಹೊತ್ತಿಗೆ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು, ನಮ್ಮ ಜಿಲ್ಲೆಗೆ ಇಡೀ ವರ್ಷಕ್ಕೂ ಅಷ್ಟು ಬೀಳುವುದಿಲ್ಲ. ಏಪ್ರಿಲ್-ಮೇ ಕೂಡ ಬೇಡ. "ನಾವು 42 ಡಿಗ್ರಿ ಬಿಸಿಲಿನಾಗ ಇರೋರು, ಅಲ್ಲಿ 34 ಏನ್ ಮಹಾ" ಎನ್ನುತ್ತಾರೆ. ನಮ್ಮದು ಒಣ ಬಿಸಿಲು, ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ. ಕಡಲ ಗಾಳಿಯಲ್ಲಿ ಪಸೆ ತುಂಬಿರುವುದರಿಂದ ಬೆವರು ಮೈಮೇಲೇ ನಿಲ್ಲುತ್ತದೆ. ಮಧ್ಯಾಹ್ನಕ್ಕೇ ಇಬ್ಬರಿಗೂ ಸುಸ್ತು, ಸಂಜೆಗೆ ಸಿಡಿಮಿಡಿ. ನವೆಂಬರ್ ಕೊನೆಯಿಂದ ಫೆಬ್ರುವರಿ ಒಳಗೆ ಹೋಗಿಬನ್ನಿ.

ಇನ್ನು ಟಿಕೆಟ್. ರಿಸರ್ವೇಷನ್ ಈಗ 60 ದಿನ ಮೊದಲು, ಬೆಳಗ್ಗೆ 8ಕ್ಕೆ ತೆರೆಯುತ್ತದೆ. 120 ದಿನದ ಹಳೆಯ ಲೆಕ್ಕ 2024ರ ನವೆಂಬರ್ 1ಕ್ಕೆ ಮುಗಿಯಿತು. ಜನ ಮರೆಯುವುದು ವಾಪಸ್ ಟಿಕೆಟನ್ನು. ಹೋಗುವ ಟಿಕೆಟ್ ತೆರೆದ ದಿನ ಬರುವ ಟಿಕೆಟ್ ಇನ್ನೂ ತೆರೆದಿರುವುದಿಲ್ಲ, ಎರಡು-ಮೂರು ದಿನ ಕಾಯಬೇಕು. ಕ್ಯಾಲೆಂಡರಿನಲ್ಲಿ ಎರಡೂ ದಿನಕ್ಕೆ ಗುರುತು ಹಾಕಿ. ತತ್ಕಾಲ್ ನಂಬಿಕೊಂಡು ನನ್ನ ಹತ್ತಿರ ಬರಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕು, ಮತ್ತು ನಮ್ಮಂಥ ಏಜೆಂಟರು ಮೊದಲ ಅರ್ಧ ಗಂಟೆ ತತ್ಕಾಲ್ ಮುಟ್ಟುವಂತಿಲ್ಲ. ಆ ಅರ್ಧ ಗಂಟೆಯಲ್ಲಿ ಮುಂಬಯಿ ಗಾಡಿಯಲ್ಲಿ ಏನು ಉಳಿದಿರುತ್ತದೆ, ನೀವೇ ಹೇಳಿ.

ವೇಟಿಂಗ್ ಲಿಸ್ಟ್ ಸಿಕ್ಕರೆ ನಂಬರಿಗಿಂತ ಮೊದಲು ಅದರ ಮುಂದಿನ ಅಕ್ಷರ ನೋಡಿ. ನಮ್ಮದು ನಡುವಿನ ಸ್ಟೇಷನ್. ಗಾಡಿ ಹೊರಡುವ ಊರಿನವರಿಗೆ ಹೆಚ್ಚಾಗಿ ಜಿಎನ್‌ಡಬ್ಲ್ಯುಎಲ್, ಅಂದರೆ ಸಾಮಾನ್ಯ ವೇಟಿಂಗ್ ಲಿಸ್ಟ್ ಬರುತ್ತದೆ, ಅದು ಬೇಗ ಕರಗುತ್ತದೆ. ನಮಗೆ ಬರುವುದು ಆರ್‌ಎಲ್‌ಡಬ್ಲ್ಯುಎಲ್ (ನಡುವಿನ ಊರುಗಳ ಲಿಸ್ಟ್) ಅಥವಾ ಪಿಕ್ಯೂಡಬ್ಲ್ಯುಎಲ್ (ಹಲವು ಸ್ಟೇಷನ್ನಿಗೆ ಕೂಡಿಸಿಟ್ಟ ಕೋಟಾದ ಲಿಸ್ಟ್). ಅದರಲ್ಲಿ 8 ಎಂದರೂ ನಾನು ಗ್ಯಾರಂಟಿ ಕೊಡುವುದಿಲ್ಲ. ಚಾರ್ಟ್ ಆದ ಮೇಲೂ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನೇ ರದ್ದಾಗುತ್ತದೆ, ಹತ್ತುವಂತಿಲ್ಲ. ಒಮ್ಮೊಮ್ಮೆ ಗುಂತಕಲ್ಲಿನಿಂದ ಟಿಕೆಟ್ ತೆಗೆದು, ಹತ್ತುವ ಸ್ಟೇಷನ್ ರಾಯಚೂರು ಎಂದು ಹಾಕಿದರೆ ಸೀಟು ಇರುತ್ತದೆ. ದುಡ್ಡು ತುಸು ಹೆಚ್ಚು. ಆರ್‌ಎಸಿ ಎಂದರೆ ಸೈಡ್ ಲೋಯರ್ ಬರ್ತ್ ಇಬ್ಬರಿಗೆ ಅರ್ಧರ್ಧ. ರಾತ್ರಿಯೆಲ್ಲ ಎದುರುಬದುರು ಕೂತು ಹೋದರೆ ಮರುದಿನದ ಮುಂಬಯಿ ನಿದ್ದೆಯಲ್ಲೇ ಕಳೆಯುತ್ತದೆ.

ಗಾಡಿಗೆ ತಕ್ಕಂತೆ 12ರಿಂದ 15 ತಾಸಿನ ದಾರಿ. ಸಂಜೆ ಹತ್ತಿ ಬೆಳಗ್ಗೆ ಇಳಿಯುವಂಥ ಗಾಡಿಯನ್ನೇ ಹಿಡಿಯಿರಿ. ಡಿಸೆಂಬರ್-ಜನವರಿಯಲ್ಲಿ ಸ್ಲೀಪರ್ ಸಾಕು, ಎಸಿ ಬೇಕಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ರಾತ್ರಿ ಊಟವೂ ಆಯಿತು. ಇಲ್ಲಿ ಉಳಿದ ದುಡ್ಡನ್ನು ರೂಮಿಗೆ ಹಾಕಿ. ಈ ಅಂಕಣ ಬರೆಯಲು ಕೂತದ್ದೇ ಇದನ್ನು ಹೇಳಲಿಕ್ಕೆ.

ಕೆಲಸ ಶುರು ಮಾಡಿದ ಹೊಸತರಲ್ಲಿ, ಹೊಸದಾಗಿ ಮದುವೆಯಾದ ಜೋಡಿಯೊಂದಕ್ಕೆ ವಸಯಿ ಕಡೆ ಒಂದು ಲಾಡ್ಜ್ ಮಾಡಿಕೊಟ್ಟೆ. ಬಾಡಿಗೆ ಅರ್ಧಕ್ಕರ್ಧ ಕಡಿಮೆ, ರೂಮೂ ದೊಡ್ಡದು. ಅಲ್ಲಿಂದ ದಕ್ಷಿಣ ತುದಿಯ ಚರ್ಚ್‌ಗೇಟ್ ಸ್ಟೇಷನ್ 50 ಕಿಲೋಮೀಟರು. ಬೆಳಗ್ಗೆ ಊರೆಲ್ಲ ಕೆಲಸಕ್ಕೆ ದಕ್ಷಿಣಕ್ಕೆ ಹೋಗುವ ಹೊತ್ತಿಗೇ ಇವರೂ ಲೋಕಲ್ ಹತ್ತಬೇಕು, ಸಂಜೆ ಊರೆಲ್ಲ ಉತ್ತರಕ್ಕೆ ತಿರುಗುವಾಗಲೇ ಇವರೂ ತಿರುಗಬೇಕು. ಆ ಹುಡುಗಿ ಮಹಿಳೆಯರ ಡಬ್ಬಿಯಲ್ಲಿ, ಹುಡುಗ ಇನ್ನೊಂದರಲ್ಲಿ. ಎರಡೂ ದಿನ ಕಡಲ ದಂಡೆಯ ಮರೀನ್ ಡ್ರೈವ್ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಬಂದವರು ನನ್ನನ್ನು ಬೈಯಲಿಲ್ಲ. "ಭಾಳ ಅಡ್ಡಾಡಿದ್ವಿ ಅಕ್ಕಾರ" ಅಂದರು, ಅಷ್ಟೇ. ಅವತ್ತಿನಿಂದ ಎರಡು ದಿನದ ಪ್ರವಾಸಕ್ಕೆ ದೂರದ ರೂಮು ನಾನು ಮಾಡಿಕೊಡುವುದಿಲ್ಲ.

ಮುಂಬಯಿ ದಕ್ಷಿಣೋತ್ತರ ಉದ್ದಕ್ಕೆ ಬೆಳೆದ ಊರು. ಮೊದಲ ಸಲ ಹೋದವರಿಗೆ ನೋಡಬೇಕೆನಿಸುವ ಕಡಲು ಇರುವುದು ದಕ್ಷಿಣದ ತುದಿಯಲ್ಲಿ. ಕೊಲಾಬಾ, ಫೋರ್ಟ್, ಚರ್ಚ್‌ಗೇಟ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್) ಸುತ್ತಮುತ್ತ ಎಲ್ಲಿ ಉಳಿದರೂ ಸರಿ. ರೂಮು ಚಿಕ್ಕದಿರುತ್ತದೆ, ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿರಬಹುದು. ಫೋನಿನಲ್ಲೇ ಕೇಳಿಕೊಳ್ಳಿ: ಕಿಟಕಿ ಇದೆಯೇ, ಬಚ್ಚಲು ಒಳಗೇ ಇದೆಯೇ, ಬಿಸಿನೀರು ಎಷ್ಟು ಹೊತ್ತಿನವರೆಗೆ, ಚೆಕ್-ಇನ್ ಮಧ್ಯಾಹ್ನ 12ಕ್ಕೋ ಅಥವಾ ಬಂದಾಗಿನಿಂದ 24 ತಾಸೋ. ಸೀ ವ್ಯೂ ಎಂದು ಹೆಚ್ಚಿಗೆ ದುಡ್ಡು ಕೊಡುವುದು ಬೇಡ. ಹತ್ತು ನಿಮಿಷ ನಡೆದರೆ ಇಡೀ ಸಮುದ್ರ ಪುಕ್ಕಟೆ. ಇಬ್ಬರ ಆಧಾರ್ ಅಸಲೂ ಇಟ್ಟುಕೊಳ್ಳಿ. ನಮ್ಮ ಕಡೆ ಹೆಂಡತಿಯ ಆಧಾರ್ ಬಹಳ ಸಲ ತವರುಮನೆಯ ವಿಳಾಸದಲ್ಲೇ, ಅಪ್ಪನ ಹೆಸರಿನಲ್ಲೇ ಇರುತ್ತದೆ. ಕೌಂಟರಿನಲ್ಲಿ ನಿಂತು ಮದುವೆಯಾದದ್ದನ್ನು ವಿವರಿಸುವ ಮುಜುಗರ ಯಾರಿಗೆ ಬೇಕು? ಬುಕ್ ಮಾಡುವಾಗಲೇ ವಿಳಾಸ ಬೇರೆ ಬೇರೆ ಇದೆ ಎಂದು ತಿಳಿಸಿ, ಒಪ್ಪಿದರೆ ಮಾತ್ರ ಮುಂಗಡ ಕಟ್ಟಿ.

ಗಾಡಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎನ್ನುವುದನ್ನೂ ನೋಡಿ. ಸಿಎಸ್‌ಎಂಟಿಯಾದರೆ ಇಳಿದಲ್ಲೇ ನಿಮ್ಮ ಏರಿಯಾ. 1888ರ ಹೊತ್ತಿಗೆ ಕಟ್ಟಿ ಮುಗಿಸಿದ, 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಸ್ಟೇಷನ್ನೇ ಮೊದಲ ನೋಟ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಆದರೆ ಅಲ್ಲಿಂದ ಮತ್ತೆ ದಾರಿ ಇದೆ. ದಕ್ಷಿಣ ಮುಂಬಯಿಯಲ್ಲಿ ಆಟೋ ಓಡುವುದಿಲ್ಲ, ಇದು ನಮ್ಮವರಿಗೆ ಹೊಸದು. ಕಪ್ಪು-ಹಳದಿ ಟ್ಯಾಕ್ಸಿ ಮೀಟರ್ ಹಾಕಿ ಬರುತ್ತದೆ. 2025ರ ಅಕ್ಟೋಬರಿನಿಂದ ನೆಲದಡಿಯ ಮೆಟ್ರೋ ಕಫ್ ಪರೇಡ್‌ವರೆಗೂ ಬಂದಿದೆ. ಸಿಎಸ್‌ಎಂಟಿಯಿಂದ ಹತ್ತಿ ಸಿದ್ಧಿವಿನಾಯಕಕ್ಕೆ ನೇರ ಹೋಗಬಹುದು. ಮಂಗಳವಾರ ಮಾತ್ರ ಅಲ್ಲಿ ವಿಪರೀತ ಗದ್ದಲ. ಲೋಕಲ್ ಹತ್ತುವುದಾದರೆ ಮಧ್ಯಾಹ್ನ ಹತ್ತಿ, ಇಳಿಯುವ ಸ್ಟೇಷನ್ ಹೆಸರು ಇಬ್ಬರೂ ಬಾಯಿಪಾಠ ಮಾಡಿಕೊಳ್ಳಿ. ಒಬ್ಬರು ಹತ್ತಿ ಇನ್ನೊಬ್ಬರು ಕೆಳಗೇ ಉಳಿದರೆ, ಹತ್ತಿದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕು. ಇದನ್ನು ಮನೆಯಲ್ಲೇ ಮಾತಾಡಿಕೊಂಡು ಹೋಗಿ.

ಈಗ ಸಮುದ್ರ. ಗೇಟ್‌ವೇ ಆಫ್ ಇಂಡಿಯಾ ಮುಖ ಮಾಡಿರುವುದು ಪೂರ್ವಕ್ಕೆ, ಬಂದರಿನ ನೀರಿನ ಕಡೆ. ಸೂರ್ಯಾಸ್ತ ನೋಡಲು ಸಂಜೆ ಅಲ್ಲಿಗೆ ಹೋಗಿ ಹುಡುಕಾಡಿದವರನ್ನು ನಾನು ಬಲ್ಲೆ. ಅಲ್ಲಿಗೆ ಬೆಳಗ್ಗೆ ಹೋಗಬೇಕು. ಹೊತ್ತು ನೀರಿನ ಮೇಲೆ ಏರುವುದು ಕಾಣುತ್ತದೆ, ಜನವೂ ಕಡಿಮೆ. ಎಲಿಫೆಂಟಾದ ಲಾಂಚ್ ಹೊರಡುವುದೂ ಅಲ್ಲಿಂದಲೇ. ಒಂದು ತಾಸಿನ ದಾರಿ, ಸೋಮವಾರ ಗುಹೆಗಳಿಗೆ ರಜೆ. ಆ ದ್ವೀಪದ ಸ್ಥಳೀಯ ಹೆಸರು ಘಾರಾಪುರಿ. ನಮ್ಮ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಪುರಿಯನ್ನು ಹಡಗುಗಳಿಂದ ಮುತ್ತಿದ ಎಂದು ಐಹೊಳೆ ಶಾಸನ ಹೇಳುತ್ತದಲ್ಲ, ಆ ಪುರಿ ಇದೇ ಎನ್ನುವ ವಿದ್ವಾಂಸರಿದ್ದಾರೆ. ಆ ಮಾತು ತಲೆಯಲ್ಲಿಟ್ಟುಕೊಂಡು ಲಾಂಚಿನಲ್ಲಿ ಕೂತರೆ ಒಂದು ತಾಸು ಬೇಸರವಾಗುವುದಿಲ್ಲ.

ಮರೀನ್ ಡ್ರೈವ್ ಪಶ್ಚಿಮಕ್ಕೆ ತೆರೆದಿದೆ. ಡಿಸೆಂಬರಿನಲ್ಲಿ ಸಂಜೆ 6ರ ಸುಮಾರಿಗೆ ಹೊತ್ತು ಮುಳುಗುತ್ತದೆ, 5ಕ್ಕೇ ಹೋಗಿ ಕಟ್ಟೆಯ ಮೇಲೆ ಜಾಗ ಹಿಡಿಯಿರಿ. ನೀರು ಕಟ್ಟೆಯ ಬುಡದಲ್ಲಿರುತ್ತದೋ, ಹಿಂದೆ ಸರಿದಿರುತ್ತದೋ ಎನ್ನುವುದು ತಿಥಿಯ ಮೇಲೆ. ಉಬ್ಬರದಿಂದ ಇಳಿತಕ್ಕೆ ಹೆಚ್ಚುಕಡಿಮೆ ಆರು ತಾಸು. ದಿನದಿಂದ ದಿನಕ್ಕೆ ಉಬ್ಬರ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ದೊಡ್ಡ ಉಬ್ಬರ ಬರುವುದು ನಡುಮಧ್ಯಾಹ್ನಕ್ಕೆ, ಸಂಜೆ ನೀರು ದೂರ. ಅಷ್ಟಮಿಯ ಹತ್ತಿರ ಹೋದರೆ ಹೊತ್ತು ಮುಳುಗುವ ವೇಳೆಗೆ ನೀರು ಮೇಲೆ ಬಂದಿರುತ್ತದೆ, ಅಬ್ಬರ ಮಾತ್ರ ಕಡಿಮೆ. ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು, ಬೇರೆ ಆ್ಯಪ್ ಬೇಕಿಲ್ಲ. ಹಾಜಿ ಅಲಿಗೆ ಹೋಗುವ ಕಾಲುದಾರಿ ಉಬ್ಬರದಲ್ಲಿ ಮುಳುಗುತ್ತದೆ, ಅಮಾವಾಸ್ಯೆಯ ಮಧ್ಯಾಹ್ನ ಅಲ್ಲಿಗೆ ಹೋಗಬೇಡಿ.

ಮಾನ್ವಿಯವರಿಗೆ ಸಿಕ್ಕದ್ದು ಅಮಾವಾಸ್ಯೆಯ ವಾರಾಂತ್ಯ. ಟಿಕೆಟಿನ ಬೆನ್ನಿಗೆ ಎರಡು ಹೊತ್ತಿನ ಲೆಕ್ಕ ಬರೆದುಕೊಟ್ಟಿದ್ದೆ. ಮೊದಲ ದಿನ ಸಂಜೆ ಆಕೆಯದೇ ಫೋನು: "ಅಕ್ಕಾರ, ನೀರು ಹಿಂದಕ್ಕ ಹೋಗ್ಯದ್ರಿ. ನಾಕು ಕಾಲಿನ ಸಿಮಿಟಿನ ಕಲ್ಲೆಲ್ಲ ಹೊರಗ ಬಿದ್ದಾವ. ನಮ್ಮ ಕಾಲುವಿ ಬಂದ್ ಮಾಡಿದಂಗ ಆಗ್ಯದ ನೋಡ್ರಿ."

"ನಾಳಿ ಮಧ್ಯಾಹ್ನ ಊಟಕ್ಕಿಂತ ಮೊದಲ ಇದ ಜಾಗಕ್ಕ ಬರ್ರಿ" ಅಂದೆ. ಮರುದಿನ ಹೋದರು. ಅದೇ ಕಲ್ಲುಗಳ ಮೇಲೆ ನೀರು ಹೊಡೆಯುವುದನ್ನು ಎರಡು ತಾಸು ಕೂತು ನೋಡಿದರಂತೆ. 14 ಹೆಸರಿನ ಚೀಟಿಯಲ್ಲಿ ಮುಟ್ಟಿದ್ದು ನಾಲ್ಕು. ಬಂದ ಮೇಲೆ ಯಜಮಾನರು ಉಳಿದ ಹತ್ತರ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಡಾಪಾವ್, ಚೌಪಾಟಿಯ ಭೇಲ್ ಎಲ್ಲರಿಗೂ ಗೊತ್ತು. ಒಂದು ಹೊತ್ತು ಅನ್ನ-ಸಾರು ಬೇಕೆನಿಸಿದರೆ ಮಾಟುಂಗಾಕ್ಕೆ ಹೋಗಿ. ಸ್ಟೇಷನ್ ಪಕ್ಕದಲ್ಲೇ 1942ರಿಂದ ನಡೆದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, ಬಾಳೆಎಲೆ ಊಟ. ಆ ಬೀದಿಗಳಲ್ಲಿ ಕನ್ನಡ ಕಿವಿಗೆ ಬೀಳುತ್ತದೆ.

ಕೊನೆಯ ದಿನ ಮಧ್ಯಾಹ್ನಕ್ಕೇ ರೂಮು ಬಿಡಬೇಕು, ಗಾಡಿ ಸಂಜೆಗೋ ರಾತ್ರಿಗೋ ಇರುತ್ತದೆ. ಆ ನಡುವಿನ ಹೊತ್ತನ್ನು ಬ್ಯಾಗು ಕಾಯುತ್ತ ಪ್ಲಾಟ್‌ಫಾರ್ಮಿನಲ್ಲಿ ಕಳೆಯುವವರೇ ಹೆಚ್ಚು. ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಟಿಕೆಟ್ ತೋರಿಸಿ ಬ್ಯಾಗು ಇಟ್ಟು, ಇನ್ನೊಮ್ಮೆ ಕಟ್ಟೆಯ ಮೇಲೆ ಕೂತು ಬನ್ನಿ. ಬೀಗ ಹಾಕದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಮನೆಯಿಂದ ಹೊರಡುವಾಗಲೇ ಎರಡು ಸಣ್ಣ ಬೀಗ ನೆನಪಿನಿಂದ ಇಟ್ಟುಕೊಳ್ಳಿ.