ಪಕ್ಕದ ಮನೆಯ ರೇಡಾನ್ ಲೆಕ್ಕ ನಮ್ಮ ಮನೆಗೆ ಬರಲ್ಲ

ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲಿ ಉಮ್‌ಹೌಸನ್ ಅಂತ ಒಂದು ಹಳ್ಳಿ ಇದೆ. 1990ರ ದಶಕದ ಶುರುವಿನಲ್ಲಿ ಅಲ್ಲಿದ್ದದ್ದು ಸುಮಾರು 2,600 ಜನ. ಆಗ ಅಲ್ಲಿನ ಮನೆಗಳ ಗಾಳಿಯಲ್ಲಿ ರೇಡಾನ್ (ನೆಲದಿಂದ ಬರುವ, ವಿಕಿರಣ ಸೂಸುವ ಅನಿಲ) ಎಷ್ಟಿದೆ ಅಂತ ವಿಜ್ಞಾನಿಗಳು ಅಳೆದರು. ಒಂದು ಕಡೆ ಅದು ಘನ ಮೀಟರಿಗೆ 2,74,000 ಬೆಕ್ವೆರೆಲ್ ಮುಟ್ಟಿತ್ತು. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕ್ವೆರೆಲ್. ಮನೆಯೊಳಗೆ 100 ದಾಟದಿದ್ದರೆ ಒಳ್ಳೆಯದು, ಏನೇ ಆದರೂ 300 ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಾರಣ ಹಳ್ಳಿಯ ಪಕ್ಕದಲ್ಲೇ ಇತ್ತು. ಒಂಬತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೋಫೆಲ್ಸ್ ಅನ್ನೋ ಜಾಗದಲ್ಲಿ ಬೆಟ್ಟದ ಒಂದು ದೊಡ್ಡ ಭಾಗವೇ ಕುಸಿದು ಕಣಿವೆಗೆ ಬಿತ್ತು. ಉಜ್ಜಾಟದ ಬಿಸಿಗೆ ಕಲ್ಲೇ ಕರಗಿತ್ತು, ಅದನ್ನು ನೋಡಿ ಇಲ್ಲಿ ಉಲ್ಕೆ ಬಿದ್ದಿರಬೇಕು ಅಂತ ಕೆಲವರು ಬಹಳ ಕಾಲ ನಂಬಿದ್ದರು. ಆ ಕಲ್ಲು ಗ್ರಾನೈಟ್ ಜಾತಿಯದು. ಅದರಲ್ಲಿ ಸ್ವಲ್ಪ ಯುರೇನಿಯಂ ಇರುತ್ತದೆ, ಅದು ಹಂತಹಂತವಾಗಿ ರೇಡಿಯಂ ಆಗಿ, ರೇಡಿಯಂ ಒಡೆದು ರೇಡಾನ್ ಅನಿಲವಾಗುತ್ತದೆ. ರೇಡಾನಿನ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದುಹೋಗೋಕೆ ಬೇಕಾದ ಕಾಲ, ಬರೀ 3.8 ದಿನ. ಗಟ್ಟಿ ಬಂಡೆಯೊಳಗೆ ಹುಟ್ಟಿದ್ದು ಹೊರಗೆ ಬರೋ ಮೊದಲೇ ಮುಗಿದುಹೋಗುತ್ತದೆ. ಆದರೆ ಪುಡಿಪುಡಿಯಾದ ಕಲ್ಲಿನಲ್ಲಿ ಸಂದುಗಳು ಎಷ್ಟಿರುತ್ತವೆ ಅಂದರೆ, ಅದೇ ರೇಡಾನ್ ಇನ್ನೂ ಜೀವಂತವಾಗಿರುವಾಗಲೇ ಮೇಲೆ ಬಂದು ನೆಲಮಾಳಿಗೆ ಸೇರಿಕೊಳ್ಳುತ್ತದೆ. ಹಾಗಾಗಿ ಕಲ್ಲಿನಲ್ಲಿ ಯುರೇನಿಯಂ ಎಷ್ಟಿದೆ ಅನ್ನೋದಷ್ಟೇ ನೋಡಿದರೆ ಸಾಲದು, ಆ ಕಲ್ಲು ಎಷ್ಟು ಒಡೆದಿದೆ ಅನ್ನೋದೂ ಅಷ್ಟೇ ಮುಖ್ಯ.

ನನ್ನನ್ನು ಕಾಡೋದು ಇನ್ನೊಂದು ವಿಷಯ. ಹಳ್ಳಿಯ ಒಂದು ಭಾಗದ ಮನೆಗಳಲ್ಲಿ ನಡುಮಟ್ಟ ಸುಮಾರು 1,900 ಬೆಕ್ವೆರೆಲ್ ಇದ್ದರೆ, ಉಳಿದ ಭಾಗದಲ್ಲಿ ಸುಮಾರು 180. ಒಂದೇ ಊರು, ಹತ್ತು ಪಟ್ಟು ವ್ಯತ್ಯಾಸ! ಜಾಸ್ತಿ ಇದ್ದ ಕಡೆ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರೂ ಜಾಸ್ತಿ. ಉಸಿರಾಡಿದ ರೇಡಾನ್ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಅದು ಒಡೆದು ಹುಟ್ಟುವ ಪೊಲೋನಿಯಂ ಧೂಳಿಗೆ ಅಂಟಿಕೊಂಡು ಶ್ವಾಸಕೋಶದಲ್ಲಿ ಕೂತು, ಅಲ್ಲಿಂದಲೇ ಜೀವಕೋಶಗಳಿಗೆ ಹಾನಿ ಮಾಡುವ ಆಲ್ಫಾ ಕಣಗಳನ್ನು (ಒಂದು ಬಗೆಯ ವಿಕಿರಣ) ಚಿಮ್ಮಿಸುತ್ತದೆ. ಸಿಗರೇಟು ಸೇದುವವರಿಗೆ ಈ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು ಹೆಚ್ಚು.

ಬಣ್ಣ, ವಾಸನೆ ಏನೂ ಇಲ್ಲದ್ದನ್ನು ಅಳೆಯದೆ ತಿಳಿಯೋಕೆ ಆಗಲ್ಲ, ಅಲ್ವಾ? ಅಳೆಯೋದು ಕಷ್ಟವೇನಲ್ಲ. ಒಂದು ಪುಟ್ಟ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೂರು ಇರುತ್ತದೆ. ಜನ ವಾಸಮಾಡುವ ಕೋಣೆಗಳಲ್ಲಿ ಎಲ್ಲಕ್ಕಿಂತ ಕೆಳಗಿರೋದರಲ್ಲಿ (ಅಡುಗೆಮನೆ, ಬಚ್ಚಲುಮನೆ ಬೇಡ) ಅದನ್ನು ಕೆಲವು ತಿಂಗಳು ಸುಮ್ನೆ ಇಟ್ಟಿರಬೇಕು. ಆಲ್ಫಾ ಕಣ ಬಡಿದಲ್ಲೆಲ್ಲ ಅದರ ಮೇಲೆ ಗಾಯ ಬೀಳುತ್ತದೆ, ಲ್ಯಾಬಿನಲ್ಲಿ ಕ್ಷಾರದಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ಆ ಗುರುತುಗಳನ್ನು ಎಣಿಸುತ್ತಾರೆ. ಎರಡು ಮೂರು ದಿನದ ಇದ್ದಿಲಿನ ಪರೀಕ್ಷೆಯೂ ಇದೆ, ಆದರೆ ರೇಡಾನ್ ದಿನದಿಂದ ದಿನಕ್ಕೆ ಏರಿಳಿಯುವುದರಿಂದ ನನಗೆ ತಿಂಗಳುಗಟ್ಟಲೆ ಇಡೋದರ ಮೇಲೇ ನಂಬಿಕೆ. ಚಳಿಗಾಲದಲ್ಲಂತೂ ಮನೆಯ ಬಿಸಿಗಾಳಿ ಮೇಲೇರಿದಂತೆ ಕೆಳಗಿನ ಮಣ್ಣಿನ ಗಾಳಿಯನ್ನು ಮನೆಯೇ ಒಳಗೆಳೆದುಕೊಳ್ಳುತ್ತದೆ.

ನಮ್ಮ ದಕ್ಷಿಣ ಕರ್ನಾಟಕದ ನೆಲವೂ ಹಳೆಯ ಗ್ರಾನೈಟು ಮತ್ತು ‘ನೈಸ್’ ಅನ್ನೋ ಪಟ್ಟೆಪಟ್ಟೆ ಬಂಡೆಗಳದೇ. ಮೈಸೂರು ವಿಶ್ವವಿದ್ಯಾಲಯದವರು ಮನೆಗಳೊಳಗೆ ರೇಡಾನ್ ಅಳೆದಿದ್ದಾರೆ. ಕಿಟಕಿ ತೆರೆದಿಡುವ ನಮ್ಮ ಅಭ್ಯಾಸ ಇಲ್ಲಿ ನಿಜಕ್ಕೂ ಉಪಕಾರಿ. ಅಮೆರಿಕದಲ್ಲಿ ನೆಲಮಾಳಿಗೆ ಇರುವ ಮನೆ ಕೊಳ್ಳುವ ಕನ್ನಡಿಗರು ಮಾತ್ರ ಈ ಪರೀಕ್ಷೆಯನ್ನು ಬಿಡಲೇಬಾರದು. ಅಲ್ಲಿನ ಮಿತಿ 148 ಬೆಕ್ವೆರೆಲ್. ಅದನ್ನು ಮೀರಿದರೆ ನೆಲದಡಿಗೆ ಪೈಪು ಇಳಿಸಿ, ಫ್ಯಾನಿನಿಂದ ಮಣ್ಣಿನ ಗಾಳಿಯನ್ನು ಚಾವಣಿಯ ಮೇಲಕ್ಕೆ ಎಳೆದು ಬಿಡುತ್ತಾರೆ. ಆಮೇಲೆ ಮತ್ತೆ ಅಳೆದು ನೋಡಬೇಕು, ಎರಡು ವರ್ಷಕ್ಕೊಮ್ಮೆಯಾದರೂ.