ಓದುಗರ ಪ್ರಶ್ನೆ: ‘ಟೀಚರ್, ರಜೆಯಲ್ಲಿ ಬರೆಯೋಕೆ ವಿಷಯ ಎಲ್ಲಿಂದ ತರೋದು?’

ಏಪ್ರಿಲ್ ಬಂತೆಂದರೆ ಈ ಪ್ರಶ್ನೆಯೂ ಬಂತೆಂದೇ ಲೆಕ್ಕ. ಈ ಸಲ ಕೇಳಿದವರು ನಮ್ಮ ಕೊಡಗಿನ ಸುಂಟಿಕೊಪ್ಪ ಕಡೆಯ ಒಬ್ಬ ಹುಡುಗಿ, ಪದವಿಯ ಎರಡನೇ ವರ್ಷ. “ಟೀಚರ್, ರಜೆಗೆ ಮನೆಗೆ ಬಂದಿದ್ದೇನೆ. ದಿನಾ ಒಂದಿಷ್ಟು ಬರೆದು ನಾಲ್ಕು ಜನ ಓದುವ ಹಾಗೆ ಹಾಕಬೇಕು ಅಂತ ಆಸೆ. ಆದರೆ ಇಲ್ಲಿ ಏನೂ ನಡೆಯೋದೇ ಇಲ್ಲ. ತೋಟ, ಮನೆ, ಸಂಜೆ ತಮ್ಮನ ಜೊತೆ ಹಾಕಿ ಆಟ, ಬೆಳಿಗ್ಗೆ ಎದ್ದರೆ ಅಜ್ಜನ ಮಳೆ ಲೆಕ್ಕ, ಮಧ್ಯಾಹ್ನ ಕಾಡುಮಾವು ಹೆಕ್ಕೋದು. ಇದೆಲ್ಲ ಎಲ್ಲರಿಗೂ ಗೊತ್ತಿರೋದೇ ಅಲ್ವಾ? ವಿಷಯ ಎಲ್ಲಿಂದ ತರೋದು?”

ಪುಟ್ಟೀ, ಎಲ್ಲಿಂದಲೂ ತರಬೇಡ. ನಿನ್ನ ಪತ್ರದಲ್ಲೇ ಬೇಸಿಗೆ ಪೂರ್ತಿ ಬರೆಯುವಷ್ಟಿದೆ. ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿ ಬಿಟ್ಟರೆ ಮುಂದಿನ ಏಪ್ರಿಲ್‌ನಲ್ಲಿ ಇನ್ನೊಬ್ಬರು ಇದನ್ನೇ ಕೇಳುತ್ತಾರೆ. ಯಾಕೆಂದರೆ ತೊಡಕಿರುವುದು ವಿಷಯದಲ್ಲಲ್ಲ, “ಎಲ್ಲರಿಗೂ ಗೊತ್ತಿರೋದೇ” ಎಂಬ ಆ ಮಾತಿನಲ್ಲಿ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ್ದೇನೆ. ಮಕ್ಕಳ ಕೈಯಿಂದ ಪೆನ್ನು ಕಿತ್ತುಕೊಳ್ಳುವುದರಲ್ಲಿ ಈ ಮಾತಿಗೆ ಸಮನಾದ ಇನ್ನೊಂದು ಮಾತನ್ನು ನಾನು ಕಂಡಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರ ‘ನಾನು ರಜೆ ಕಳೆದ ಬಗೆ’ ಎಂಬ ಪ್ರಬಂಧ ಬರೆಸುತ್ತಿದ್ದೆ. ನಲವತ್ತು ಪುಸ್ತಕ ತೆರೆದರೆ ಮೂವತ್ತರಲ್ಲಿ ಅಬ್ಬಿ ಜಲಪಾತ, ರಾಜಾಸೀಟು, ದುಬಾರೆ ಆನೆ. ಆ ಮಕ್ಕಳಲ್ಲಿ ಹೆಚ್ಚಿನವರು ರಜೆ ಪೂರ್ತಿ ಮನೆಯಲ್ಲೇ ಇದ್ದವರು ಎಂದು ನನಗೆ ಗೊತ್ತಿತ್ತು. ಒಬ್ಬನನ್ನು ಕರೆದು, “ನೀನು ದುಬಾರೆಗೆ ಯಾವಾಗ ಹೋಗಿದ್ದೆ?” ಎಂದು ಕೇಳಿದೆ. “ಹೋಗಿಲ್ಲ ಟೀಚರ್. ಆದರೆ ಪ್ರಬಂಧದಲ್ಲಿ ಬರೆಯೋದು ಅದನ್ನೇ ಅಲ್ವಾ?” ಎಂದ. ರಜೆ ಪೂರ್ತಿ ಅವನು ಅಪ್ಪನ ಜೊತೆ ತೋಟಕ್ಕೆ ನೀರು ಹಾಯಿಸಿದ್ದ. ಅದು ಪ್ರಬಂಧಕ್ಕೆ ಆಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಈಗ ನಿನ್ನ ಅಜ್ಜನ ಮಳೆ ಲೆಕ್ಕವನ್ನೇ ಹಿಡಿದುಕೊಳ್ಳೋಣ. ಎಲ್ಲರಿಗೂ ಗೊತ್ತು ಅಂದೆಯಲ್ಲ, ಯಾರು ಆ ಎಲ್ಲರು?

ನಮ್ಮ ಕಡೆ ತೋಟದ ಮನೆ ಎಂದರೆ ಅಂಗಳದಾಚೆ ಮರದ ಹನಿ ಬೀಳದ ಜಾಗದಲ್ಲಿ ಮಳೆಮಾಪಕ ಇರುವುದು ತೀರಾ ಸಾಮಾನ್ಯ. ಬೆಳಿಗ್ಗೆ ಹಿರಿಯರು ಹೋಗಿ, ಒಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಡೈರಿಯಲ್ಲಿ ಬರೆಯುತ್ತಾರೆ. ಬರೆದಾದ ಮೇಲೆ ಫೋನು. “ನಿಮ್ಮಲ್ಲಿ ಎಷ್ಟು?” “ನಲವತ್ತು ಸೆಂಟು.” “ನಮ್ಮಲ್ಲಿ ಒಂದಿಂಚು ಹತ್ತು.” ಇದನ್ನು ಕೇಳುತ್ತಲೇ ಬೆಳೆದ ನಿನಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ಪುತ್ತೂರು ಕಡೆಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದ ಟೀಚರೊಬ್ಬರು ಮೊದಲ ಬೇಸಿಗೆಯಲ್ಲಿ ಸ್ಟಾಫ್ ರೂಮಿನಲ್ಲಿ ಕೂತು, “ರಾತ್ರಿ ಅರವತ್ತು ಸೆಂಟ್ ಬಂತು” ಎಂಬ ಮಾತು ಕೇಳಿ, “ಜಾಗ ಎಲ್ಲಿ ಸಿಕ್ಕಿತು?” ಎಂದು ವಿಚಾರಿಸಿದರು. ಅವರ ಊರಲ್ಲಿ ಸೆಂಟ್ ಎಂದರೆ ಭೂಮಿ, ಎಕರೆಯ ನೂರನೇ ಒಂದು ಭಾಗ. ನಮ್ಮಲ್ಲೂ ಭೂಮಿಗೆ ಅದೇ ಮಾತು, ಆದರೆ ಮಳೆಗೂ ಅದೇ: ಇಂಚಿನ ನೂರನೇ ಒಂದು ಭಾಗ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಪುತ್ತೂರು ದೂರದ ಊರೇನಲ್ಲ, ಸಂಪಾಜೆ ಘಾಟಿ ಇಳಿದರೆ ಪಕ್ಕದ ಜಿಲ್ಲೆ. ನಿನ್ನ ‘ಎಲ್ಲರಿಗೂ’ ಎಂಬುದು ಘಾಟಿಯ ತುದಿಗೇ ಮುಗಿಯಿತು.

ಮನೆಯೊಳಗೂ ಅದು ಅಷ್ಟೇನೂ ಉದ್ದಕ್ಕೆ ಹೋಗುವುದಿಲ್ಲ. ಅಜ್ಜನನ್ನು ಕೇಳಿ ನೋಡು: ಅಳತೆಯ ಗಾಜು ಒಡೆದುಹೋದರೆ ಪಕ್ಕದ ಮನೆಯದನ್ನು ತಂದು ಅಳೆಯಬಹುದೇ? ತಕ್ಷಣ “ಅವರ ಮಾಪಕದ ಬಾಯಿ ಎಷ್ಟಗಲ?” ಎನ್ನುತ್ತಾರೆ. ಮಾಪಕದ ಬಾಯಿಯ ಅಗಲಕ್ಕೆ ಲೆಕ್ಕ ಹಾಕಿಯೇ ಗಾಜಿನ ಮೇಲೆ ಗೀಟು ಎಳೆದಿರುತ್ತಾರೆ. ಬಾಯಿ ಬೇರೆ, ಗಾಜು ಬೇರೆ ಆದರೆ ಲೆಕ್ಕ ಸುಳ್ಳು. ಅಜ್ಜನಿಗೆ ಇದು ಗೊತ್ತು. ನಿನಗೆ ಗೊತ್ತಿತ್ತೇ? ನಿನ್ನ ತಮ್ಮನಿಗೆ? ಒಂದೇ ಸೂರಿನ ಕೆಳಗೆ, ದಿನಾ ಕಣ್ಣೆದುರು ನಡೆಯುವ ಕೆಲಸ ಇದು.

2018ರ ಆಗಸ್ಟ್ ನೆನಪಿದೆಯಲ್ಲ. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳೇ ಕುಸಿದು ಬಂದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಮುಂಚೆ ಯಾವಾಗಾದರೂ ಹೀಗೆ ಸುರಿದಿತ್ತಾ? ಬಾಯಿಮಾತಿನಲ್ಲಿ ಹತ್ತು ಉತ್ತರ ಬಂದವು. ನಮ್ಮ ಮನೆಯಲ್ಲಿ ಮಾವನವರ ಹಳೆಯ ಡೈರಿಗಳನ್ನು ಅಟ್ಟದಿಂದ ಇಳಿಸಿ, ಹಾಳೆ ಮೇಲೆ ಹಾಳೆ ತಿರುವಿ ನೋಡಿದೆವು. ಅಂಕಿಗಳ ಪಕ್ಕದಲ್ಲಿ ಅವರು ಎರಡೆರಡು ಪದ ಸೇರಿಸಿದ್ದರು. ‘ಸೇತುವೆ ಮೇಲೆ ನೀರು.’ ‘ಗದ್ದೆ ಬದು ಹೋಯ್ತು.’ ‘ಕರು ಹಾಕಿತು.’ ಅವರು ಅದನ್ನು ಬರವಣಿಗೆ ಎಂದುಕೊಂಡಿರಲಿಲ್ಲ. ಆ ರಾತ್ರಿ ನಾವು ಓದಿದಷ್ಟು ಆಸೆಯಿಂದ ಯಾವ ಪುಸ್ತಕವನ್ನೂ ಓದಿಲ್ಲ.

ಇದೇ ಮಾತಿನ ಇನ್ನೊಂದು ಮುಖವೂ ಇದೆ. ನಿಜಕ್ಕೂ ಎಲ್ಲರಿಗೂ ಗೊತ್ತಿರುವುದು ಯಾವುದು? ಕಾಫಿ ಹೂವು. ‘ಹಿಮ ಬಿದ್ದ ಹಾಗೆ ಬೆಳ್ಳಗೆ, ಮಲ್ಲಿಗೆಯ ಹಾಗೆ ಘಮ.’ ಈ ವಾಕ್ಯವನ್ನು ನಾನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಹಿಮವನ್ನೇ ಕಾಣದ ಮಕ್ಕಳು ಹಿಮ ಎಂದು ಬರೆಯುತ್ತಾರೆ. ಎರಡು ದಿನ ಹೋಂಸ್ಟೇಯಲ್ಲಿ ಉಳಿದು ಹೋದವರೂ ಅದನ್ನೇ ಬರೆಯುತ್ತಾರೆ. ಅವರದು ತಪ್ಪಲ್ಲ, ಅವರಿಗೆ ಕಂಡದ್ದು ಅಷ್ಟು. ನಿನಗೆ ಕಂಡದ್ದು ಅಷ್ಟೇ ಏನು?

ಫೆಬ್ರವರಿ ಕಳೆಯುತ್ತಿದ್ದ ಹಾಗೆ ಅಪ್ಪ ದಿನಾ ಸಂಜೆ ಮೋಡ ನೋಡುವುದು ನಿನಗೆ ಗೊತ್ತು. ರೊಬಸ್ಟಾ ಜಾತಿಯ ಕಾಫಿ ಗಿಡದ ಮೊಗ್ಗು ಒಂದು ಹಂತಕ್ಕೆ ಬಂದು ನೀರಿಗಾಗಿ ಕಾಯುತ್ತಾ ಕೂತಿರುತ್ತದೆ. ಮೊಗ್ಗು ಅರಳಿಸುವ ಆ ಹೂಮಳೆ ಒಂದಿಂಚಿನಷ್ಟು ಬಂದರೆ ಸರಿ. ಎಂಟರಿಂದ ಹತ್ತು ದಿನದಲ್ಲಿ ತೋಟ ಪೂರ್ತಿ ಅರಳುತ್ತದೆ. ಬರೀ ಇಪ್ಪತ್ತು ಸೆಂಟ್ ಬಂದು ನಿಂತಿತೋ, ಮೊಗ್ಗು ಅರ್ಧಕ್ಕೇ ಕರಟುತ್ತದೆ. ಅದಕ್ಕಿಂತ ಮಳೆ ಬಾರದಿದ್ದರೇ ವಾಸಿ. ಆಗ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ಹೊಡೆಯುತ್ತಾರೆ. ಕರೆಂಟು ರಾತ್ರಿ ಬಂದರೆ ಕೆಲಸವೂ ರಾತ್ರಿಯೇ. ಕೆಲವು ಗಂಟೆಗೊಮ್ಮೆ ಎದ್ದು, ಟಾರ್ಚು ಹಿಡಿದು, ಪೈಪು ಬಿಚ್ಚಿ ಮುಂದಿನ ಜಾಗಕ್ಕೆ ಹೊರಬೇಕು. ಆನೆ ಓಡಾಡುವ ಕಡೆಯಾದರೆ ಒಬ್ಬರು ಪೈಪಿಗೆ, ಒಬ್ಬರು ಕಾವಲಿಗೆ. ಹೂವು ಅರಳಿದ ಮೇಲೂ ನೆಮ್ಮದಿಯಿಲ್ಲ. ಅರೇಬಿಕಾಕ್ಕೆ ತನ್ನ ಪರಾಗವೇ ಸಾಕು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಗಾಳಿ ಬೀಸಬೇಕು, ಜೇನು ಬರಬೇಕು. ಅದಕ್ಕೇ ಅರಳಿದ ದಿನ ಬೆಳಿಗ್ಗೆ ಹಿರಿಯರು ಗಿಡದ ನಡುವೆ ಸುಮ್ಮನೆ ನಿಂತಿರುತ್ತಾರೆ. ಅವರು ಘಮ ಹೀರುತ್ತಿದ್ದಾರೆ ಎಂದು ಬಂದುಹೋಗುವವರು ಅಂದುಕೊಳ್ಳುತ್ತಾರೆ. ಅವರು ಕೇಳಿಸಿಕೊಳ್ಳುತ್ತಿರುವುದು ಜೇನಿನ ಸದ್ದನ್ನು.

1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲೆಲ್ಲ ತುಡುವೆ ಜೇನಿನ ಕುಟುಂಬಗಳು ರಾಶಿ ರಾಶಿಯಾಗಿ ಸತ್ತವು. ಪೆಟ್ಟಿಗೆಗಳು ಖಾಲಿಯಾದ ಆ ಬೇಸಿಗೆ ನೆನಪಿರುವವರು ನಿಮ್ಮ ಊರಿನಲ್ಲೂ ಇದ್ದಾರೆ. ಹೂವು ಬಂದು ಸದ್ದು ಬಾರದ ತೋಟ ಹೇಗಿತ್ತು ಎಂದು ಅವರನ್ನು ಕೇಳು, ಬರೆದುಕೋ.

ನನ್ನ ಮಕ್ಕಳಿಗೆ ಒಂದು ಅಭ್ಯಾಸ ಮಾಡಿಸುತ್ತಿದ್ದೆ. ಬರೆದ ಪ್ರತಿ ವಾಕ್ಯದ ಮೇಲೂ ಬೆರಳಿಟ್ಟು ಕೇಳಿಕೊಳ್ಳಬೇಕು: ಶನಿವಾರ ಬಂದು ಭಾನುವಾರ ವಾಪಸು ಹೋಗುವವರು ಇದನ್ನು ಬರೆಯಬಹುದಿತ್ತೇ? ಹೌದಾದರೆ ಹೊಡೆದುಹಾಕು. ಮೊದಲ ಸಲ ಒಂದೂವರೆ ಪುಟದಲ್ಲಿ ಮೂರು ಸಾಲು ಉಳಿಯುತ್ತಿತ್ತು. ಕೆಲವರು ಅತ್ತಿದ್ದಾರೆ. ಉಳಿದ ಆ ಮೂರು ಸಾಲಿನಿಂದ ಮತ್ತೆ ಶುರುಮಾಡಿಸುತ್ತಿದ್ದೆ.

ಹಾಕಿಗೂ ಈ ಪರೀಕ್ಷೆ ನಡೆಯುತ್ತದೆ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರ ಪ್ರಯತ್ನದಿಂದ 60 ಕುಟುಂಬಗಳೊಂದಿಗೆ ಶುರುವಾಯಿತು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಸೇರಿ ಗಿನ್ನೆಸ್ ದಾಖಲೆಯಾಯಿತು. ನಮ್ಮ ಹೆಮ್ಮೆ ಅದು, ಆದರೆ ಪತ್ರಿಕೆ ಓದಿದವರಿಗೆಲ್ಲ ಗೊತ್ತು. ನನ್ನ ಒಂಬತ್ತನೇ ತರಗತಿಯ ಹುಡುಗನೊಬ್ಬ ಬರೆದದ್ದು ಬೇರೆ. ಬಾಗಿದ ಪೇರಳೆ ಕೊಂಬೆ ಹುಡುಕಲು ಅಣ್ಣತಮ್ಮಂದಿರು ಇಡೀ ಬೆಳಿಗ್ಗೆ ಅಲೆದದ್ದು, ಕೆತ್ತಿದ ಸ್ಟಿಕ್ಕಿಗೆ ಚಿಕ್ಕಪ್ಪ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಕೊಟ್ಟದ್ದು, ಕಾಫಿ ಒಣಗಿಸುವ ಕಣವೇ ಅವರ ಮೈದಾನ ಆದದ್ದು, ಚೆಂಡು ಚರಂಡಿಗೆ ಬಿದ್ದರೆ ಗೋಲೋ ಅಲ್ಲವೋ ಎಂಬ ಜಗಳ. ಆ ಎರಡು ಪುಟ ಇಂದಿಗೂ ನನ್ನ ಬೀರುವಿನಲ್ಲಿದೆ.

ಇಷ್ಟಾದರೂ ಅನುಮಾನ ಉಳಿದಿದ್ದರೆ ನಡಿಕೇರಿಯಂಡ ಚಿಣ್ಣಪ್ಪನವರನ್ನು ನೆನಪಿಸಿಕೋ. ಪೊಲೀಸ್ ಇಲಾಖೆಯಲ್ಲಿ ಕೆಲಸದಲ್ಲಿದ್ದವರು. ಹಬ್ಬದಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ದುಡಿ ಹಿಡಿದು ಹಾಡುತ್ತಿದ್ದ ಹಾಡುಗಳನ್ನು, ರೂಢಿ ಪದ್ಧತಿಗಳನ್ನು ಬರೆದಿಟ್ಟು ಹೊರತಂದ ‘ಪಟ್ಟೋಲೆ ಪಳಮೆ’ ಅಚ್ಚಾದದ್ದು 1924ರಲ್ಲಿ. ಆ ಹಾಡುಗಳು ಅಂದು ಕೊಡವರ ಮನೆಮನೆಯಲ್ಲೂ ಇದ್ದವು. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇಕೆ ಎಂದು ಅವರು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹೇಗೆ ಬರೆಯಬೇಕು ಎಂಬುದಕ್ಕೆ ಹೆಚ್ಚು ಹೇಳುವುದಿಲ್ಲ. ಒಂದು ದಿನಕ್ಕೆ ಒಂದೇ ಕೆಲಸ ಹಿಡಿ. ಮಾಡುತ್ತಿರುವಾಗಲೇ ಪದಗಳನ್ನು ಫೋನಿನಲ್ಲಿ ಗುರುತು ಹಾಕಿಕೋ, ಸಂಜೆಯೊಳಗೆ ಬರೆದು ಮುಗಿಸು.

ಪದ ಎಂದಾಗ ನೆನಪಾಯಿತು, ನೀನು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇದೆ. ಪತ್ರದಲ್ಲಿ ನೀನು ‘ಕಾಡುಮಾವು’ ಎಂದು ಬರೆದಿದ್ದೀಯ. ಮನೆಯಲ್ಲಿ ಏನನ್ನುತ್ತೀರಿ? ಕೊಡವರ ಮನೆಯಲ್ಲಿ ಅದು ಕಾಡ್‌ಮಾಂಗೆ, ತುಳು ಮಾತಾಡುವವರಿಗೆ ಕಾಟುಕುಕ್ಕು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ಯರವರ ಮಾತು, ಕುರುಬರ ಮಾತು ಎಲ್ಲವೂ ಇರುವ ಜಿಲ್ಲೆ ನಮ್ಮದು. ಮನೆಯಲ್ಲಿ ಒಂದು, ತೋಟದ ಕೆಲಸದವರ ಲೈನ್‌ಮನೆಯ ಮುಂದೆ ಒಂದು, ಶಾಲೆಯಲ್ಲಿ ಕನ್ನಡ. ಬರೆಯಲು ಕೂತಾಗ ಮಕ್ಕಳು ಮನೆಯ ಪದವನ್ನು ಹೊರಗೆ ಬಿಟ್ಟು ಬರುತ್ತಾರೆ, ಚಪ್ಪಲಿ ಬಿಟ್ಟ ಹಾಗೆ. ಅದಕ್ಕೆ ನಾವು ಟೀಚರುಗಳೂ ಕಾರಣ. ಮೊದಲ ಕೆಲವು ವರ್ಷ ನಾನೇ ಅಂಥ ಪದಗಳ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಅದಕ್ಕೆ ಇವತ್ತಿಗೂ ಬೇಸರವಿದೆ.

ಮನೆಯ ಪದವನ್ನು ಹಾಗೇ ಬಳಸು. ಪಕ್ಕದಲ್ಲಿ ಅರ್ಥ ಬರೆಯುವ ಅಗತ್ಯವಿಲ್ಲ, ವಾಕ್ಯವೇ ಅರ್ಥ ಹೇಳುವಂತಿರಲಿ. ‘ಬೆಳಿಗ್ಗೆ ಮರದಡಿ ಬಿದ್ದ ಕಾಡ್‌ಮಾಂಗೆ ಹೆಕ್ಕಿ, ಬೇಯಿಸಿ, ಬೆಲ್ಲ ಮೆಣಸು ಹಾಕಿ ಅವ್ವ ಸಾರು ಮಾಡಿದಳು. ಗೊರಟು ಚೀಪುತ್ತಾ ಕೈ ಒಣಗುವವರೆಗೂ ಕೂತೆವು.’ ಬೀದರಿನವರು ಓದಿದರೂ ಕಾಡ್‌ಮಾಂಗೆ ಏನೆಂದು ತಿಳಿಯುತ್ತದೆ.

ಹಾಗೆಯೇ, ನಿಮ್ಮ ತೋಟದ ಮಾವಿನ ಮರಗಳಿಗೆ ಹೆಸರಿದೆಯೇ? ನಮ್ಮಲ್ಲಿ ಮೂರು ಮರ, ಮೂರಕ್ಕೂ ಹೆಸರು. ನಾರುಮರ, ಗದ್ದೆಮರ, ಇನ್ನೊಂದು ಬಾಣಂತಿಮರ. ನಾರುಮರ ಯಾಕೆ, ಗದ್ದೆಮರ ಯಾಕೆ ಎಂಬುದು ಹೇಳದೆಯೂ ತಿಳಿಯುತ್ತದೆ. ಬಾಣಂತಿಮರದ ಹೆಸರು ಹೇಗೆ ಬಂತೆಂದು ಅತ್ತೆಯನ್ನು ಕೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಅವರು ಹೋಗಿ ಆರು ವರ್ಷವಾಯಿತು. ಮರ ಈ ವರ್ಷವೂ ಕಾಯಿ ಬಿಟ್ಟಿದೆ. ನಿನ್ನ ಅಜ್ಜನನ್ನು ನಾಳೆ ಬೆಳಿಗ್ಗೆ, ಮಳೆ ಅಳೆಯಲು ಹೊರಟಾಗಲೇ ಕೇಳು.