ಪಾಳುಬಿದ್ದ ಲೋಕಗಳಲ್ಲಿ ಆಟಗಾರರು ಯಾಕೆ ಅಲೆಯುತ್ತಾರೆ?

ವಿಡಿಯೊ ಗೇಮ್‌ಗಳಲ್ಲಿ ಕುಸಿದ ಗೋಡೆಗಳಿಗೆ ಬರವಿಲ್ಲ. ಪಾಚಿ ಹಿಡಿದ ಗುಡಿ, ಮುರಿದ ಸೇತುವೆ, ನೀರು ತುಂಬಿದ ನೆಲಮಾಳಿಗೆ, ಒಬ್ಬರೂ ಇಲ್ಲದ ಪಟ್ಟಣ. ವೈರಿಗಳನ್ನೆಲ್ಲ ಮುಗಿಸಿದ ಮೇಲೂ ಆಟಗಾರರು ಅಲ್ಲೇ ಸುಮ್ನೆ ಸುತ್ತಾಡುತ್ತಾರೆ. ಗೆಲ್ಲೋಕೆ ಏನೂ ಉಳಿದಿರುವುದಿಲ್ಲ, ಆದರೂ ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ಈ ಸೆಳೆತ ಗೇಮ್‌ಗಳಿಗಿಂತ ತುಂಬಾ ಹಳೆಯದು. 18ನೇ ಶತಮಾನದ ಯುರೋಪಿಗೆ ಪಾಳು ಕಟ್ಟಡಗಳ ಗೀಳು ಹಿಡಿದಿತ್ತು. 1748ರಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪ್ರಾಚೀನ ರೋಮನ್ ಪಟ್ಟಣ ಪಾಂಪೆಯಲ್ಲಿ ಅಗೆತ ಶುರುವಾಯಿತು. ಇಟಲಿಯ ಕಲಾವಿದ ಪಿರಾನೆಸಿ ರೋಮ್‌ನ ಮುರುಕು ಕಮಾನುಗಳನ್ನು ಅಚ್ಚಿನ ಚಿತ್ರಗಳಲ್ಲಿ ದೈತ್ಯಾಕಾರವಾಗಿ ತೋರಿಸಿದ. 1796ರಲ್ಲಿ ಉಬೇರ್ ರೊಬೇರ್ ಎಂಬ ಫ್ರೆಂಚ್ ಕಲಾವಿದ, ಪ್ಯಾರಿಸ್ಸಿನಲ್ಲಿ ಗಟ್ಟಿಯಾಗಿ ನಿಂತಿದ್ದ ಲೂವ್ರ್ ಅರಮನೆಯ ದೊಡ್ಡ ಪಡಸಾಲೆಯನ್ನೇ ಚಾವಣಿ ಕುಸಿದಂತೆ ಬಿಡಿಸಿದ. ಇಂಗ್ಲೆಂಡಿನ ಸಿರಿವಂತರು ತಮ್ಮ ತೋಟಗಳಲ್ಲಿ ಬೇಕೆಂದೇ ಮುರಿದ ಗೋಪುರಗಳನ್ನು ಕಟ್ಟಿಸಿದರು. ಗೇಮ್‌ಗಳಿಗೆ ಹತ್ತಿರದ ನೆಂಟ ಆ ತೋಟವೇ ಅನ್ನಿಸುತ್ತದೆ. ಅಲ್ಲಿಯೂ ಕಟ್ಟಡ ಹುಟ್ಟುವಾಗಲೇ ಪಾಳು, ನೋಡಲು ಬಂದವರು ಅದರ ನಡುವೆ ನಡೆದಾಡಬಹುದು.

ಗೇಮ್‌ಗಳಿಗೆ ಪಾಳು ಬಂದದ್ದು ಮೊದಲಿಗೆ ಅನುಕೂಲಕ್ಕಾಗಿ. ಹಳೆಯ ಯಂತ್ರಗಳಲ್ಲಿ ಕಲ್ಲು ತೋರಿಸುವುದು ಸುಲಭ, ಮಾತಾಡುವ, ನಡೆಯುವ ಜನರನ್ನು ತೋರಿಸುವುದು ಕಷ್ಟ. ಊರು ಖಾಲಿಯಾಗಿದ್ದರೆ ಆ ಕಷ್ಟವೇ ಇಲ್ಲ. ಸೇತುವೆ ಮುರಿದಿದ್ದರೆ ಮುಂದೆ ದಾರಿಯಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. 1993ರಲ್ಲಿ ಮಿಲ್ಲರ್ ಸಹೋದರರು ತಂದ ‘ಮಿಸ್ಟ್’ ಬಹುಪಾಲು ನಿಶ್ಚಲ ಚಿತ್ರಗಳ ಆಟ. ಅದರ ದ್ವೀಪದಲ್ಲಿ ಓಡಾಡುವ ಜನರಿಲ್ಲ, ಅವರು ಬಿಟ್ಟುಹೋದ ಪುಸ್ತಕಗಳಿವೆ, ಯಂತ್ರಗಳಿವೆ. ತಾಂತ್ರಿಕ ಮಿತಿಯೇ ಅಲ್ಲಿ ಕಥೆಯಾಯಿತು.

1998ರ ‘ಝೆಲ್ಡಾ: ಆಕರಿನಾ ಆಫ್ ಟೈಮ್’ ಇದಕ್ಕೆ ನೋವನ್ನೂ ಸೇರಿಸಿತು. ಆಟದ ನಾಯಕ, ಹುಡುಗ ಲಿಂಕ್ ನೋಡುವ ಪೇಟೆಯಲ್ಲಿ ನಾಯಿಗಳು ಓಡಾಡುತ್ತವೆ, ಒಂದು ಜೋಡಿ ಕುಣಿಯುತ್ತಿರುತ್ತದೆ. ಏಳು ವರ್ಷದ ನಂತರ ಅದೇ ಪೇಟೆಗೆ ಬಂದರೆ ಮುರಿದ ಮನೆಗಳು, ಎದ್ದು ನಡೆಯುವ ಹೆಣಗಳು. ಆ ಜಾಗ ತುಂಬಿ ತುಳುಕುತ್ತಿದ್ದದ್ದನ್ನು ಆಟಗಾರ ಕಣ್ಣಾರೆ ಕಂಡಿರುತ್ತಾನೆ. ಅದಕ್ಕೇ ಅಷ್ಟು ಚುಚ್ಚುತ್ತದೆ.

ಆದರೆ ಪಾಳನ್ನೇ ಆಟದ ಜೀವಾಳ ಮಾಡಿದವರು ಜಪಾನಿನ ಫುಮಿತೊ ಉಎದಾ. ಬೇಡದ್ದನ್ನೆಲ್ಲ ಕಳೆಯುತ್ತಾ ಹೋಗುವುದು ಅವರ ದಾರಿ. 2001ರ ‘ಇಕೊ’ದಲ್ಲಿ ಒಂದು ದೊಡ್ಡ ಕೋಟೆ, ಕೊಂಬಿರುವ ಹುಡುಗ, ಅವನು ಕೈಹಿಡಿದು ಕರೆದೊಯ್ಯುವ ಹುಡುಗಿ, ನೆರಳಿನಂಥ ವೈರಿಗಳು. ಹೆಚ್ಚು ಕಡಿಮೆ ಅಷ್ಟೇ. 2005ರ ‘ಶ್ಯಾಡೊ ಆಫ್ ದ ಕೊಲೊಸಸ್’ನಲ್ಲಿ ವಿಶಾಲವಾದ ಬಯಲು, ಒಂದು ಕುದುರೆ, 16 ದೈತ್ಯರು. ಊರಿಲ್ಲ, ಬೇರೆ ವೈರಿಗಳಿಲ್ಲ. ದೈತ್ಯರ ಮೈಮೇಲೂ ಹಳೇ ಕಟ್ಟಡದ ಕಲ್ಲುಗಳಿವೆ. ಅವರಲ್ಲಿ ಒಬ್ಬ ಉರುಳಿದಾಗ ಗೆಲುವಿನ ಸಂಗೀತ ಕೇಳುವುದಿಲ್ಲ, ಶೋಕದ ರಾಗ ಕೇಳುತ್ತದೆ. ಆಮೇಲೆ ಅಲ್ಲಿಗೆ ಮರಳಿದರೆ ಮಣ್ಣಿನ ದಿಬ್ಬದಂತೆ ಬಿದ್ದಿರುವ ಅವನ ದೇಹ. ಬೇರೆ ಆಟಗಳಲ್ಲಿ ನಾವು ಪಾಳನ್ನು ನೋಡಲು ಬರುತ್ತೇವೆ. ಇಲ್ಲಿ ಪಾಳು ಮಾಡುವವರು ನಾವೇ. ಇದನ್ನು ಇಷ್ಟು ನೇರವಾಗಿ ಮನಸ್ಸಿಗೆ ತಟ್ಟಿಸಿದ ಇನ್ನೊಂದು ಆಟ ನನಗೆ ಗೊತ್ತಿಲ್ಲ.

‘ಇಕೊ’ ಆಡಿ ಬದಲಾದವರಲ್ಲಿ ಹಿದೆತಾಕಾ ಮಿಯಾಝಾಕಿ ಒಬ್ಬರು. ಸಾಫ್ಟ್‌ವೇರ್ ಕೆಲಸ ಬಿಟ್ಟು 2004ರಲ್ಲಿ ಫ್ರಮ್‌ಸಾಫ್ಟ್‌ವೇರ್ ಎಂಬ ಗೇಮ್ ಕಂಪನಿ ಸೇರಿದರು. ಚಿಕ್ಕಂದಿನಲ್ಲಿ ಅವರು ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದುತ್ತಿದ್ದರು. ತಿಳಿಯದ ಭಾಗವನ್ನು ಚಿತ್ರ ನೋಡಿ ಊಹಿಸಿಕೊಳ್ಳುತ್ತಿದ್ದರು. ಅವರು ಮಾಡಿದ 2011ರ ‘ಡಾರ್ಕ್ ಸೋಲ್ಸ್’ ಇರುವುದೇ ಹಾಗೆ. ಕಥೆಯನ್ನು ಯಾರೂ ಪೂರ್ತಿ ಹೇಳುವುದಿಲ್ಲ. ಒಂದು ಉಂಗುರದ ವಿವರಣೆಯಲ್ಲಿ ಒಂದು ಸಾಲು, ಒಂದು ಹೆಣ ಬಿದ್ದಿರುವ ಜಾಗದಲ್ಲಿ ಒಂದು ಸುಳಿವು. ಉಳಿದದ್ದನ್ನು ಆಟಗಾರ ಜೋಡಿಸಿಕೊಳ್ಳಬೇಕು. ಆಟ ನಡೆಯುವ ರಾಜ್ಯ ಕೊಳೆತದ್ದಕ್ಕೂ ಕಾರಣವಿದೆ. ಆರಬೇಕಾದ ಬೆಂಕಿಯನ್ನು ಆರಲು ಬಿಡದೆ, ತಮ್ಮನ್ನೇ ಸುಟ್ಟುಕೊಂಡು ಉಳಿಸಿಕೊಂಡವರ ರಾಜ್ಯ ಅದು.

ಎಲ್ಲ ಪಾಳೂ ಕಲ್ಪನೆಯದಲ್ಲ. 2007ರ ‘ಸ್ಟಾಕರ್: ಶ್ಯಾಡೊ ಆಫ್ ಚೆರ್ನೋಬಿಲ್’ ಉಕ್ರೇನಿನವರೇ ಮಾಡಿದ ಆಟ. ಅದರಲ್ಲಿರುವ ಪ್ರಿಪ್ಯಾತ್ ನಿಜವಾದ ಊರು. 1986ರ ಏಪ್ರಿಲ್ 26ರಂದು ಪಕ್ಕದ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿತು, ಮರುದಿನ ಸುಮಾರು 49,000 ಜನ ಬಸ್ ಹತ್ತಿ ಮನೆ ಬಿಟ್ಟರು. ಅಲ್ಲಿನ ಖಾಲಿ ಕೋಣೆಗಳಲ್ಲಿ ಸೌಂದರ್ಯ ಕಾಣುವಾಗ ಈ ಲೆಕ್ಕ ನೆನಪಿರಲೇಬೇಕು. ಅಲ್ಲಿ ಬದುಕಿದ್ದವರಿಗೆ ಅದು ದೃಶ್ಯವಲ್ಲ, ಮನೆ.

2017ರ ‘ಝೆಲ್ಡಾ: ಬ್ರೆತ್ ಆಫ್ ದ ವೈಲ್ಡ್’ನಲ್ಲಿ ಇನ್ನೊಂದು ಬಗೆಯ ಪಾಳಿದೆ. ಬಯಲಿನ ನಡುವೆ ಕುಸಿದ ಬೇಲಿ, ಚಾವಣಿಯಿಲ್ಲದ ಕಟ್ಟಡ. 1998ರ ಆಟ ಆಡಿದವರು ಅದರ ಆಕಾರ ನೋಡಿದ ಕೂಡಲೇ ಗುರುತಿಸಿದರು: ಇದು ಕುದುರೆ ಸಾಕುತ್ತಿದ್ದ ಲೊನ್ ಲೊನ್ ರಾಂಚ್ ಅಲ್ವಾ! ಬಾಲ್ಯದಲ್ಲಿ ಓಡಾಡಿದ ಜಾಗ 19 ವರ್ಷದ ನಂತರ ಪಾಳಾಗಿ ಎದುರಾಯಿತು.

ಆದರೂ ಗೇಮ್‌ನ ಪಾಳು ಮುಂದಕ್ಕೆ ಹಾಳಾಗುವುದಿಲ್ಲ. ಪಾಚಿ ಬೆಳೆಯುವುದಿಲ್ಲ, ಅರ್ಧ ನಿಂತ ಗೋಡೆ ಹಾಗೇ ನಿಂತಿರುತ್ತದೆ. ಹಾಳಾಗುವುದು ಗೇಮ್‌ಗಳೇ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಆನ್‌ಲೈನ್ ಗೇಮ್‌ಗಳ ಗತಿ ಇನ್ನೂ ಕೆಟ್ಟದು. ಸರ್ವರ್ ನಿಂತರೆ ಸುತ್ತಾಡಲು ಮುರಿದ ಗೋಡೆಯೂ ಉಳಿಯುವುದಿಲ್ಲ. ‘ಸಿಟಿ ಆಫ್ ಹೀರೋಸ್’ 2012ರ ನವೆಂಬರ್ 30ರಂದು ಹಾಗೆ ಮುಚ್ಚಿಹೋಯಿತು. ಅಭಿಮಾನಿಗಳು ಬಿಡಲಿಲ್ಲ. 2019ರಲ್ಲಿ ತಮ್ಮದೇ ಸರ್ವರ್‌ಗಳಲ್ಲಿ ಆ ನಗರವನ್ನು ಮತ್ತೆ ತೆರೆದರು. 2024ರ ಜನವರಿಯಲ್ಲಿ ಅಂಥ ಒಂದು ತಂಡಕ್ಕೆ ಆಟದ ಒಡೆತನವಿರುವ ಎನ್‌ಸಿಸಾಫ್ಟ್ ಕಂಪನಿಯೇ ಪರವಾನಗಿ ಕೊಟ್ಟಿತು.